ಒಂದೇ ಕಾಡತೂಸಿನ ದಸರೆ

ತಾರವ್ವನ ಭಕ್ತಿಗೆ ಅಳತೆ ಎಂಬುದಿಲ್ಲ. ಖಂಡೇನವಮಿಯ ಪೂಜೆ ಮಾಡಿಕೊಡಲು ಪಕ್ಕದ ಮನೆಯ ರಾವಸಾಹೇಬನಲ್ಲಿಗೆ ಬಂದವಳು ಕುಡಗೋಲು, ಕೊಡಲಿ, ಸಲಿಕೆ, ಕುರ್ಪಿ ಎಲ್ಲವನ್ನೂ ಸಾಲಾಗಿ ಇಟ್ಟು ತಂಬಿಗೆಗಟ್ಟಲೆ ಹಾಲುನೀರು ಸುರಿದಳು. ಗೋಡೆಯ ಮೇಲಿನ ಬಂದೂಕನ್ನು ಇಳಿಸಿ ಅದಕ್ಕೂ ಸುರಿದಳು. ಪಕ್ಕದಲ್ಲಿ ಎಲೆಯ ಮೇಲಿದ್ದ ಕಾಡತೂಸು ಕಣ್ಣಿಗೆ ಬಿತ್ತು. ತಾಯಿಗೆ ಎರೆದು ಮಗುವನ್ನು ಬಿಟ್ಟರೆ ದೇವರು ಮೆಚ್ಚುತ್ತಾನೆಯೇ? ಅದನ್ನು ಹಾಲಿನ ಬಟ್ಟಲಲ್ಲಿ ಮುಳುಗಿಸಿ, ಅರಿಷಿಣ ಕುಂಕುಮ ಏರಿಸಿ, ಹಾಗೆಯೇ ಬಿಟ್ಟು ಮನೆಗೆ ಹೋದಳು. ರಾವಸಾಹೇಬ ಆಗ ಕಬ್ಬಿಗೆ ನೀರು ತಿರುಗಿಸಲು ಹೋಗಿದ್ದ. ಬಂದವನು ಬಾಗಿಲಲ್ಲೇ ನಿಂತು ಕೈಮುಗಿದು ಮಲಗಿದ.

ಮರುದಿನ ವಿಜಯದಶಮಿ. ಬೆಳಿಗ್ಗೆ ಎದ್ದು ಬಟ್ಟಲು ನೋಡಿದರೆ ಕಾಡತೂಸು ಚಹಾದಲ್ಲಿ ಅದ್ದಿ ಮರೆತ ಟೋಸ್ಟಿನ ಹಾಗೆ ಉಬ್ಬಿ ಕುಳಿತಿತ್ತು. ಅದು ಹಳೆಯ ಕಾಲದ ಮಾಲು, ಕಾಗದದ ಕೊಳವೆಯದು. ಬಂದೂಕಿನ ನಳಿಗೆಗೆ ತುರುಕಲು ನೋಡಿದ. ಒಳಗೆ ಹೋಗಲೊಲ್ಲದು. ಇನ್ನಷ್ಟು ಒತ್ತಿದಾಗ ಮೇಲಿನ ಕಾಗದ ಪದರು ಪದರಾಗಿ ಕೈಗೆ ಬಂತು, ಒಳಗಿನ ಸೀಸದ ಗುಂಡುಗಳು, ಛರ್ರೆಗಳು, ನೆಲದ ತುಂಬ ಉರುಳಿದವು, ಕೈಯಲ್ಲಿ ಅರಿಷಿಣ ಮಾತ್ರ ಉಳಿಯಿತು.

“ಏನ ಮಾಡಿ ಹೋದಿ ತಾರವ್ವಾ!” ಎಂದು ಕೂಗಿದ. ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಚಿಕ್ಕೋಡಿ ಕಡೆಯ ಕರೋಶಿಯಿಂದ ತುಸು ದೂರದಲ್ಲಿ, ಕಬ್ಬಿನ ನಡುವೆ ಪಾಟೀಲ ತೋಟ ಎಂಬ ವಸತಿ ಇದೆ. ಅಲ್ಲಿ ರಾವಸಾಹೇಬ ಒಬ್ಬನೇ ಇರುತ್ತಾನೆ. ಐವತ್ತು ದಾಟಿದೆ, ಮದುವೆ ಆಗಿಲ್ಲ. ಹೆಸರಲ್ಲಿ ರಾವೂ ಇದೆ, ಸಾಹೇಬನೂ ಇದ್ದಾನೆ, ಮನೆಯಲ್ಲಿ ಮಾತ್ರ ಇನ್ನೊಬ್ಬರಿಲ್ಲ. ಹೆಣ್ಣು ಕೊಡಲು ಬಂದವರು ಗೋಡೆಯ ಮೇಲಿನ ಅಜ್ಜನ ಕಾಲದ ಬಂದೂಕು ನೋಡಿ ಹೆದರಿ ಹೋದರು ಎಂದು ಅವನು ನಂಬಿದ್ದ. ಆದರೂ ಬಂದೂಕಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಏಕೆಂದರೆ ವರ್ಷಕ್ಕೊಮ್ಮೆ ಅವನ ಮನೆಗೆ ಜನ ಬರುವುದು ಆ ಬಂದೂಕಿನಿಂದಲೇ.

ಅಲ್ಲಿಯ ರೂಢಿ ಹಾಗಿದೆ. ದಶಮಿಯ ಸಂಜೆ ಎಲ್ಲರೂ ಸೀಮೆಯ ಬನ್ನಿಗಿಡಕ್ಕೆ ಹೋಗುತ್ತಾರೆ. ಪೂಜೆಯಾದ ಮೇಲೆ ರಾವಸಾಹೇಬ ಆಕಾಶಕ್ಕೆ ಒಂದು ಬಾರು ಹಾರಿಸಬೇಕು. ಆ ಸದ್ದು ಆಗುವತನಕ ಯಾರೂ ಬನ್ನಿಯ ಎಲೆ ಮುಟ್ಟುವುದಿಲ್ಲ. ಆದ ಮೇಲೆ ಮೊದಲ ಬನ್ನಿಯನ್ನು ಬಾರು ಹಾರಿಸಿದವನ ಮನೆಯಲ್ಲೇ ಕೊಡಬೇಕು. ಕಾಯ್ದೆ ಇದಕ್ಕೆ ಏನನ್ನುತ್ತದೆ ಎಂದು ಮಾತ್ರ ಕೇಳಬೇಡಿ. ಅಂದು ಸಂಜೆ ಅವನ ಪಡಸಾಲೆಯಲ್ಲಿ ಕೂರಲು ಜಾಗ ಸಾಲದು, ಅಂಗಳದಲ್ಲಿ ಚಪ್ಪಲಿ ಬಿಡಲು ಜಾಗ ಸಾಲದು. “ಬನ್ನಿ ತಗೋರಿ, ಬಂಗಾರದಂಗ ಇರೂನು” ಎಂದು ಸಣ್ಣವರು ಕಾಲು ಮುಟ್ಟುತ್ತಾರೆ, ದೊಡ್ಡವರು ಅಪ್ಪಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಅವನನ್ನು ಮುಟ್ಟುವುದು ಸೊಳ್ಳೆಗಳು ಮಾತ್ರ.

ಈ ವರ್ಷ ಗಣಪತಿ ಹಬ್ಬ ಮುಗಿಯುತ್ತಲೇ ಯುವಕ ಮಂಡಳದ ಅಧ್ಯಕ್ಷ ಸಂಗ್ರಾಮ ಒಂದು ಮಾತು ಎತ್ತಿದ್ದ.

“ಕಾಕಾ, ಕಾಡತೂಸು ಎಲ್ಲೂ ಸಿಗವಲ್ಲವಂತ, ಸಿಕ್ಕರೂ ಭಾಳ ತುಟ್ಟಿ ಆಗ್ಯಾವಂತ. ಯಾಕ ಸುಮ್ಮನ ತ್ರಾಸ? ಡಿಜೆದಾಗ ಬಾರಿನ ಸೌಂಡ್ ಹಾಕಿಬಿಡತೀನಿ. ಬನ್ನಿ ಕಾರ್ಯಕ್ರಮ ನಮ್ಮ ಮನಿ ಅಂಗಳದಾಗ ಮಾಡೂನು, ಪೆಂಡಾಲ ಹಾಕೂನು.”

ಪೆಂಡಾಲು ಎದ್ದರೆ ತನ್ನ ಪಡಸಾಲೆ ಖಾಲಿ ಎಂಬುದು ರಾವಸಾಹೇಬನಿಗೆ ಹೊಳೆಯಿತು. “ತುಟ್ಟಿ ಆಗಿದ್ದು ಇಲ್ಲದವರಿಗೆ. ನನ್ನ ಕಡೆ ಪೆಟ್ಟಿಗಿ ತುಂಬ ಅದಾವ!” ಎಂದು ಮೀಸೆ ತಿರುವಿ ಬಂದಿದ್ದ. ಪೆಟ್ಟಿಗೆ ಇದ್ದದ್ದು ನಿಜ. ಅದರೊಳಗೆ ಇದ್ದದ್ದು ಆ ಒಂದೇ ಕಾಡತೂಸು. ಅದೂ ಈಗ ಹಾಲು ಕುಡಿದು ತೀರಿಕೊಂಡಿತ್ತು.

ಸಂಜೆಯೊಳಗೆ ಇನ್ನೊಂದು ಹುಡುಕಲೇಬೇಕು, ಯಾರಿಗೂ ತಿಳಿಯದ ಹಾಗೆ ಹುಡುಕಬೇಕು. ಬೆಳಗಾವಿಯ ಬಂದೂಕಿನ ಅಂಗಡಿಯವನಿಗೆ ಫೋನು ಹಚ್ಚಿದ.

“ಇವತ್ತ ಬಂದ್ ಐತ್ರಿ ಅಂಗಡಿ,” ಎಂದು ಅಂಗಡಿಯವನು ಬಾಯಲ್ಲಿ ಏನನ್ನೋ ಅಗಿಯುತ್ತ ಹೇಳಿದ. “ತೆರದಿದ್ರೂ ಏನ ಉಪಯೋಗಿಲ್ಲ. ತಾಮ್ರ ತುಟ್ಟಿ, ಸೀಸ ತುಟ್ಟಿ, ಮದ್ದು ತುಟ್ಟಿ. ಮ್ಯಾಲಿಂದ ಮಾಲ ಬರವಲ್ದು. ಅಪ್ಪಿ ತಪ್ಪಿ ಬಂದದ್ದನ್ನ ಶೂಟಿಂಗ್ ಕ್ಲಬ್ಬಿನವರು ಬಾಗಲದಾಗ ನಿಂತು ಒಯ್ತಾರ. ನಿಮ್ಮಂಥಾ ಹೊಲದಾಗ ಹಂದಿ ಕಾಯೂರಿಗೆ ವಾಸನಿ ಸೈತ ಉಳಿಯಂಗಿಲ್ಲ.”

“ಒಂದರ ನೋಡ್ರಿ. ರೇಟ ನೀವು ಹೇಳಿದ್ದ.”

“ರೇಟ ಹೇಳಾಕ ಮಾಲ ಬೇಕಲ್ರಿ? ದಸರಾ ಶುಭಾಶಯರಿ,” ಎಂದು ಫೋನು ಇಟ್ಟ.

ರಾವಸಾಹೇಬ ಮೋಟರ್ ಸೈಕಲ್ ಒದ್ದು ಚಿಕ್ಕೋಡಿಗೆ ಹೊರಟ. ಅಲ್ಲಿ ಕಾಡಸಿದ್ದ ಎಂಬ ನಿವೃತ್ತ ಹವಾಲ್ದಾರನಿದ್ದಾನೆ. ಲೈಸೆನ್ಸಿನ ಬಂದೂಕು ಉಂಟು, ಒಂದು ಕಾಲಕ್ಕೆ ನಿಶಾನೆಯ ಪಂದ್ಯಗಳಲ್ಲಿ ಢಾಲು ಗೆದ್ದವನು. ಖಾಲಿ ಕೊಳವೆಗಳನ್ನು ಎಸೆಯದೆ ತಾನೇ ಮದ್ದು ತುಂಬಿಕೊಳ್ಳುತ್ತಿದ್ದ ಎಂದು ಅವನ ಖ್ಯಾತಿ. ಹೋಗಿ ನೋಡಿದರೆ ಷೋಕೇಸಿನಲ್ಲಿ ಢಾಲುಗಳ ಪಕ್ಕ ಖಾಲಿ ಕೊಳವೆಗಳು ಮೆರವಣಿಗೆಗೆ ನಿಂತ ಹಾಗೆ ನಿಂತಿದ್ದವು.

“ತುಂಬೂದು ಬಿಟ್ಟು ಭಾಳ ದಿನಾ ಆತ್ರಿ,” ಎಂದ ಕಾಡಸಿದ್ದ. “ಮದ್ದು ಸಿಕ್ಕರ ಹಿಂದ ಹಚ್ಚೂ ಟೋಪಿ ಸಿಗಂಗಿಲ್ಲ, ಟೋಪಿ ಸಿಕ್ಕರ ಛರ್ರಿ ಸಿಗಂಗಿಲ್ಲ. ಮೂರೂ ಸಿಗೂದ್ರಾಗ ನನ್ನ ಕಣ್ಣ ಕಾಣಸಂಗಿಲ್ಲ. ಇದ್ದೊಂದೆರಡನ್ನ ತಿಜೋರಿಯೊಳಗ ಹೆಂಡತಿ ತಾಳಿ ಸಂಗ್ತಿ ಇಟ್ಟೀನಿ.”

“ಅದರಾಗಿಂದು ಒಂದ ಕೊಡ್ರಿ ಹವಾಲ್ದಾರ್ರ. ಒಂದ ಸಾಕು.”

“ನಿಮ್ಮ ಕಡೆ ಪೆಟ್ಟಿಗಿ ತುಂಬ ಅದಾವಂತ ನಿಮ್ಮ ಬಾಜೂದ ಆಬಾಸಾಹೇಬ ಹೇಳತಿದ್ದನಲ್ರಿ?”

ಸುಳ್ಳು ಹೇಳಿದವನಿಗೆ ಅದನ್ನು ಸಾಕುವುದೇ ಒಂದು ಕೆಲಸ. ರಾವಸಾಹೇಬ ಕೆಮ್ಮಿದ. “ಅವು ಅದಾವ್ರಿ. ಈ ಕೆಲಸಕ್ಕ ಅವು ನಡಿಯಂಗಿಲ್ಲ.”

“ಯಾ ಕೆಲಸ?”

“ಒಂದ ಕೆಲಸ ಐತಿ. ಇವತ್ತ ಸಂಜೀಕ ಮುಗಸಬೇಕು. ಯಾರಿಗೂ ಹೇಳಬ್ಯಾಡ್ರಿ ಮತ್ತ. ಮುಖ್ಯ ಆಬಾಸಾಹೇಬಗ ಗೊತ್ತಾಗಬಾರದು.”

ಆಬಾಸಾಹೇಬ ಎಂದರೆ ಸಂಗ್ರಾಮನ ಅಪ್ಪ. ಅವನಿಗೆ ತಿಳಿದರೆ ಮಗನಿಗೆ ತಿಳಿಯುತ್ತದೆ, ಮಗನಿಗೆ ತಿಳಿದರೆ ಪೆಂಡಾಲು ಏಳುತ್ತದೆ ಎಂಬುದು ರಾವಸಾಹೇಬನ ಲೆಕ್ಕ. ಆದರೆ ಆಬಾಸಾಹೇಬನ ಹೊಲವೂ ರಾವಸಾಹೇಬನ ಹೊಲವೂ ಅಂಟಿಕೊಂಡಿವೆ, ನಡುವಿನ ಬಾಂದಗಲ್ಲಿಗೆ ವರ್ಷಾ ವರ್ಷಾ ಕಾಲು ಬರುತ್ತದೆ ಎಂಬುದು ಚಿಕ್ಕೋಡಿಯತನಕ ಗೊತ್ತಿದ್ದ ಸಂಗತಿ. ಹವಾಲ್ದಾರ ಅವನ ಮುಖವನ್ನೇ ನೋಡಿದ. ತಲೆ ಬಾಚಿಲ್ಲ, ಹಬ್ಬದ ದಿನ ಸ್ನಾನವಿಲ್ಲ, ಕಣ್ಣು ಕೆಂಪು, ಕೈಯಲ್ಲಿ ಅರಿಷಿಣ.

“ಕುಂದರ್ರಿ, ಒಂದೀಟ ಹಾಲ ಕುಡೀರಿ. ತಲಿ ತಣ್ಣಗ ಆಗತೈತಿ.”

“ಹಾಲಿನ ಹೆಸರ ತಗೀಬ್ಯಾಡ್ರಿ!” ರಾವಸಾಹೇಬ ಚೀರಿಯೇ ಬಿಟ್ಟ. “ಅದರಿಂದನ ನನ್ನ ಮನಿ ಹಾಳಾಗಿದ್ದು!”

ಆಬಾಸಾಹೇಬನದು ಹಾಲಿನ ಡೇರಿ. ಹವಾಲ್ದಾರ ಎದ್ದು ನಿಂತ. ಬಹಳ ಮೆಲ್ಲಗೆ, ಹುಚ್ಚುನಾಯಿಯ ಎದುರು ಮಾತಾಡುವ ಹಾಗೆ ಮಾತಾಡಿದ. “ಅಥಣಿ ಕಡೆ ಅನಂತಪುರದಾಗ ಲಕ್ಕವ್ವ ಅಂತ ಒಬ್ಬಾಕಿ ಅದಾಳ್ರಿ. ಗಂಡನ ಲೈಸೆನ್ಸ್ ಆಕಿ ಹೆಸರಿಗೆ ಆಗೇತಿ. ಆಕಿ ಕಡೆ ಇರತಾವ. ದೂರ ಆಗತೈತಿ ಖರೆ. ಸಾವಕಾಶ ಹೋಗಿ ಸಾವಕಾಶ ಬರ್ರಿ. ಅವಸರ ಮಾಡಬ್ಯಾಡ್ರಿ.”

ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ರಾವಸಾಹೇಬ ಅನಂತಪುರದ ದಾರಿ ಹಿಡಿದ. ಗಾಡಿಯ ಸದ್ದು ಮರೆಯಾಗುವ ಮೊದಲೇ ಹವಾಲ್ದಾರ ಫೋನು ಎತ್ತಿಕೊಂಡ.

ಕೃಷ್ಣೆಯ ಸೇತುವೆಯ ಮೇಲೆ ರಾವಸಾಹೇಬನ ಕಿಸೆ ನಡುಗಿತು. ಗಾಡಿ ನಿಲ್ಲಿಸಿ ನೋಡಿದರೆ ಆಬಾಸಾಹೇಬನ ಫೋನು.

“ರಾವಸಾಬಣ್ಣಾ, ಉಂಡ್ಯೇನು?”

ರಾವಸಾಹೇಬನಿಗೆ ನಂಬಲಾಗಲಿಲ್ಲ. ಬೋರಿನ ಪಾಳಿ ಕೇಳಲು ಬಿಟ್ಟರೆ ಈ ಮನುಷ್ಯ ಎಂದೂ ಫೋನು ಮಾಡಿದವನಲ್ಲ. “ಇಲ್ಲಪಾ, ಹೊರಗ ಬಂದೀನಿ. ಒಂದ ಕೆಲಸ ಇತ್ತು.”

“ಗೊತ್ತಾತು... ಅಲ್ಲ, ಗೊತ್ತಿಲ್ಲ. ಅಣ್ಣಾ, ನಾವು ಸಣ್ಣಂದಿನಿಂದ ಕೂಡಿ ಆಡಿ ಬೆಳದವರು, ಹೌದಲ್ಲೋ? ಒಂದ ಬಾವಿ ನೀರ ಕುಡದವರು. ಒಂದ ಗೇಣ ನೆಲದ ಸಲುವಾಗಿ ಮನಸ್ಸಿನ್ಯಾಗ ಏನರ ಇಟ್ಕೊಂಡಿದ್ರ ತಗದ ಒಗಿ. ಬಾಂದಗಲ್ಲ ಈಗ ಹೋಗಿ ನಾನ ಖುದ್ದ ಹಿಂದ ಸರಸ್ತೀನಿ. ಸಂಜೀಕ ನಿನ್ನ ಮನ್ಯಾಗನ ಉಣ್ಣೂನು. ಹ್ಞೂಂ ಅನ್ನು.”

“ಹ್ಞೂಂ,” ಎಂದ ರಾವಸಾಹೇಬ. ಕಣ್ಣು ತುಂಬಿ ಬಂದವು. ಹೊಳೆಯ ಗಾಳಿಗೆ ಒರೆಸಿಕೊಂಡು ಮುಂದೆ ಹೋದ.

ಲಕ್ಕವ್ವನ ಹೊಲ ಅನಂತಪುರದ ಆಚೆ. ಗೋವಿನಜೋಳ ಹಾಲುಗಟ್ಟಿ ನಿಂತಿತ್ತು, ನಡುವೆ ಅಟ್ಟದ ಮೇಲೆ ಅವಳು ಡಬ್ಬಿ ಬಡಿಯುತ್ತ ಕೂತಿದ್ದಳು. ಬಂದೂಕು ಮಗ್ಗುಲಲ್ಲಿ ಮಲಗಿತ್ತು. ರಾವಸಾಹೇಬ ಕೆಳಗೆ ನಿಂತು ಗುರುತು ಹೇಳಿಕೊಂಡು, ಒಂದು ಕಾಡತೂಸು ಬೇಕು ಎಂದ.

“ಯಾರ್ನ ಕೊಲ್ಲಾಂವ ಅದಿಯೋ ಯಪ್ಪಾ?” ಎಂದು ಅವಳು ಮೇಲಿನಿಂದಲೇ ಕೇಳಿದಳು.

ಪರ ಊರಿನ ಹೆಂಗಸು, ಮತ್ತೆ ಭೇಟಿಯಾಗುವವಳಲ್ಲ. ಅವಳೆದುರು ಸುಳ್ಳು ಹೇಳುವ ಕಾರಣ ರಾವಸಾಹೇಬನಿಗೆ ಕಾಣಲಿಲ್ಲ. ಬೆಳಗಿನಿಂದ ಮೊದಲ ಸಲ ಎಲ್ಲವನ್ನೂ ಇದ್ದ ಹಾಗೆ ಹೇಳಿದ. ಹಾಲಿನ ಬಟ್ಟಲು ಹೇಳಿದ, ಬನ್ನಿಗಿಡ ಹೇಳಿದ, ಪೆಂಡಾಲು ಹೇಳಿದ. “ಬಾರ ಹಾರದಿದ್ರ ಮಂದಿ ನನ್ನ ಮನಿಗೆ ಬರಂಗಿಲ್ಲ ಯವ್ವಾ. ಬಂದು ಹೋಗೂ ದಿನಾ ಅದೊಂದ,” ಎಂದ.

ಲಕ್ಕವ್ವ ಡಬ್ಬಿ ಬಡಿಯುವುದನ್ನು ನಿಲ್ಲಿಸಿದಳು. “ಅಯ್ಯ ಸುಡ್ಲಿ, ಹಕ್ಕಿ ಹೋಗಲಿ ಅಂತ ನಾ ಬಾರ ಹಾರಸ್ತೀನಿ, ಮಂದಿ ಬರಲಿ ಅಂತ ನೀ ಹಾರಸ್ತಿ! ಚೊಲೋ ಆತು ನಮ್ಮಿಬ್ಬರ ಬಾಳೇವು. ಬಾ, ಮ್ಯಾಲ ಹತ್ತು. ನಾ ಮನಿಗೆ ಹೋಗಿ ಹಬ್ಬದ ಎಡಿ ಹಿಡದು, ಎರಡ ತುತ್ತ ಉಂಡ ಬರತೀನಿ. ಅಲ್ಲೀತನಕಾ ಗಿಣಿ ಕಾಯಿ. ಬಂದ ಮ್ಯಾಲ ಒಂದ ಕೊಡತೀನಿ. ಬಂದೂಕ ನನ್ನ ಸಂಗ್ತಿ ಬರತೈತಿ, ನಿನಗ ಡಬ್ಬಿ.”

ಹೀಗೆ ರಾವ್ ಮತ್ತು ಸಾಹೇಬ ಎರಡೂ ಆದವನು ವಿಜಯದಶಮಿಯ ಮಧ್ಯಾಹ್ನ ಉಪವಾಸ ಅಟ್ಟ ಹತ್ತಿ ಎಣ್ಣೆಯ ಡಬ್ಬಿ ಬಡಿಯತೊಡಗಿದ. ಗಿಣಿಗಳು ಹಿಂಡು ಹಿಂಡಾಗಿ ಬಂದವು. ಅವುಗಳಿಗೆ ಒಂದಕ್ಕೊಂದು ಜೊತೆ, ಸೋಬತಿ ಇತ್ತು, ಹಾಗಾಗಿ ಹೆದರಿಕೆ ಇರಲಿಲ್ಲ. ಆಗ ಸಂಗ್ರಾಮನ ಫೋನು ಬಂತು.

“ಕಾಕಾ, ನಿಮ್ಮ ಪೈಪಲೈನ್ ಒಡದಿದ್ದು ನಾನ್ರಿ. ಟ್ರ್ಯಾಕ್ಟರ್ ಹಿಂದ ತಗೊಳ್ಳುವಾಗ ಆತು. ನೀವು ಹಂದಿ ಒಡದಾವ ಅಂತ ತಿಳದ್ರಿ, ನಾನೂ ಸುಮ್ಮ ಇದ್ನಿ. ನಾಳೆನ ಹೊಸಾದ ಹಾಕಿ ಕೊಡತೀನಿ. ನನ್ನ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡ್ರಿ ಕಾಕಾ, ನಂದು ಲಗ್ನ ನಿಶ್ಚೆ ಆಗೇತಿ.”

“ಇರಲಿ ಬಿಡೋ ತಮ್ಮಾ,” ಎಂದು ರಾವಸಾಹೇಬ ಡಬ್ಬಿಗೆ ಢಣ್ ಎಂದು ಬಾರಿಸಿದ.

“ಅದೇನ ಸಪ್ಪಳಾ ಕಾಕಾ?”

ಗಿಣಿ ಕಾಯುತ್ತಿದ್ದೇನೆ ಎಂದರೆ ಏಕೆ ಎಂದು ಕೇಳುತ್ತಾನೆ. “ಏನಿಲ್ಲಪಾ. ಸಂಜಿ ಕೆಲಸಕ್ಕ ಕೈ ಸಡಿಲ ಮಾಡ್ಕೊಳ್ಳಾಕತ್ತೀನಿ,” ಎಂದ. ಆ ಕಡೆಯಿಂದ ಫೋನು ಕೈಜಾರಿ ಬಿದ್ದ ಸದ್ದು ಕೇಳಿಸಿತು.

ಲಕ್ಕವ್ವ ಬರುವಾಗ ಹೊತ್ತು ಬಹಳ ಜಾರಿತ್ತು. ಹಬ್ಬದ ದಿನ, ಉಂಡ ಮೇಲೆ ಕಣ್ಣಿಗೆ ಜೊಂಪು ಬಂತಂತೆ. ಮಾತಿನಂತೆ ಸೆರಗಿನ ಗಂಟು ಬಿಚ್ಚಿ ಹೊಚ್ಚ ಹೊಸ ಕೆಂಪು ಕಾಡತೂಸು ಕೊಟ್ಟಳು. “ರೊಕ್ಕ ಬ್ಯಾಡ. ತುಟ್ಟಿ ಮಾಲಿನ ಕಿಮ್ಮತ್ತ ಹೇಳಿದ್ರ ನೀ ತಗೊಳ್ಳಾಂವ ಅಲ್ಲ. ಹೋಗು, ನಿನ್ನ ಮಂದೀನ ಕೂಡಸ್ಕೊ.” ಅದನ್ನು ಅಂಗಿಯ ಒಳಕಿಸೆಯಲ್ಲಿ, ಎದೆಗೆ ತಾಗುವ ಹಾಗೆ ಇಟ್ಟುಕೊಂಡು ರಾವಸಾಹೇಬ ಗಾಡಿ ಓಡಿಸಿದ.

ಪಾಟೀಲ ತೋಟಕ್ಕೆ ತಿರುಗುವಾಗ ಸೂರ್ಯ ಕಬ್ಬಿನ ಸುಳಿಯ ಮೇಲಿದ್ದ. ಮನೆಯ ಹತ್ತಿರ ಬಂದವನು ದಾರಿ ತಪ್ಪಿದೆನೇ ಎಂದು ಗಾಡಿ ನಿಲ್ಲಿಸಿದ. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಬಾಗಿಲಿಗೆ ಚೆಂಡುಹೂವಿನ ಮಾಲೆ. ಅಡಿಗೆಮನೆಯಿಂದ ಹೋಳಿಗೆಯ ವಾಸನೆ. ಅಂಗಳದ ತುಂಬ ಚಪ್ಪಲಿಗಳು. ಬಾರು ಇನ್ನೂ ಹಾರಿಲ್ಲ, ಬನ್ನಿ ಇನ್ನೂ ಮುಡಿದಿಲ್ಲ, ಮಂದಿ ಆಗಲೇ ಬಂದು ಕೂತಿದ್ದಾರೆ!

“ಬಂದೇನೋ ಅಣ್ಣಾ!” ಆಬಾಸಾಹೇಬ ಎರಡೂ ಕೈ ಚಾಚಿ ಬಂದು ಗಟ್ಟಿಯಾಗಿ ಅಪ್ಪಿಕೊಂಡ. ಅಪ್ಪಿಕೊಂಡವನ ಕೈ ಸೊಂಟ, ಬೆನ್ನು, ಕಿಸೆ ಎಲ್ಲ ಕಡೆ ತಡಕಾಡಿತು. ಪ್ರೀತಿಯಲ್ಲಿ ಕೈಗೆ ದಿಕ್ಕಿರುವುದಿಲ್ಲ ಎಂದು ರಾವಸಾಹೇಬ ತಿಳಿದ. ಸಂಗ್ರಾಮ ಓಡಿಬಂದು ಗಾಡಿಯ ಕೀಲಿ ತೆಗೆದುಕೊಂಡು ತನ್ನ ಕಿಸೆಗೆ ಹಾಕಿಕೊಂಡ. “ನೀವು ದಣದೀರಿ ಕಾಕಾ, ಇನ್ನ ಎಲ್ಲೂ ಹೋಗೂದು ಬ್ಯಾಡ,” ಎಂದ.

ಪಡಸಾಲೆಯ ನಡುವೆ ಅವನನ್ನು ಕೂರಿಸಿದರು. ಸುತ್ತ ಎಲ್ಲರೂ ಕೂತರು, ಬಾಗಿಲಿಗೂ ಇಬ್ಬರು ಕೂತರು. ತಾರವ್ವ ತಾಟಿನಲ್ಲಿ ಹೋಳಿಗೆ ತಂದಿಟ್ಟು ತುಪ್ಪ ಹುಯ್ಯುತ್ತ, ಇದ್ದಕ್ಕಿದ್ದಂತೆ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು.

“ರಾವಸಾಬಾ, ನನ್ನ ಹೊಟ್ಟ್ಯಾಗಿನ ಮಾತ ಒಂದ ಹೇಳತೀನಿ, ಸಿಟ್ಟಾಗಬ್ಯಾಡೋ ಯಪ್ಪಾ. ರಾಯಬಾಗದ ಹೆಣ್ಣ ಬಂದಿತ್ತಲ್ಲ, ಗೋಧಿ ಬಣ್ಣದಾಕಿ? ಹುಡುಗ ಸಿಟ್ಟಿನಾಂವ ಅದಾನ, ಕೂಳ ತಡಾ ಆದ್ರ ಕೈ ಮಾಡತಾನ ಅಂತ ಅವರಿಗೆ ಹೇಳಿದಾಕಿ ನಾನ. ನನ್ನ ತಂಗಿ ಮಗಳ್ನ ನಿನಗ ತರಬೇಕಂತ ಆಸೆ ಇತ್ತು. ಆಕೀನೂ ಆಗಲಿಲ್ಲ.”

ರಾವಸಾಹೇಬನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಗೋಧಿ ಬಣ್ಣದವಳನ್ನು ಅವನು ಮರೆತಿರಲಿಲ್ಲ. ಚಹಾ ಕೊಡುವಾಗ ಒಮ್ಮೆ ಕಣ್ಣೆತ್ತಿ ನೋಡಿದ್ದಳು. ಇಷ್ಟು ವರ್ಷ ಬಂದೂಕಿನ ಮೇಲೆ ಹೊರಿಸಿದ್ದ ತಪ್ಪು ಈ ಮುದುಕಿಯದಾಗಿತ್ತು. ತುತ್ತನ್ನು ತಾಟಿಗೆ ಮರಳಿಸಿದ. ಎದ್ದು ಹೊರಗೆ ಹೋಗು ಎನ್ನೋಣ ಎಂದು ಬಾಯಿ ತೆರೆದ. ಸುತ್ತಲೂ ನೋಡಿದ. ಮನೆ ತುಂಬಿತ್ತು. ಒಬ್ಬಳಿಗೆ ಹೋಗು ಎಂದರೆ ಎಲ್ಲರೂ ಎದ್ದಾರು ಎಂದು ಹೆದರಿಕೆಯಾಯಿತು.

“ಇರಲಿ ಬಿಡ ತಾರವ್ವ. ಆದದ್ದು ಆಗಿ ಹೋಗೇತಿ,” ಎಂದ. “ಇನ್ನೊಂದು ಹೋಳಗಿ ಹಾಕು.”

ಎಲ್ಲರ ಎದೆಯಿಂದ ಉಸಿರು ಹೊರಬಂತು. ಆಬಾಸಾಹೇಬ ತಾನೇ ಎದ್ದು ಹಾಲು ಬಡಿಸಿದ. ಈ ಸಲ ರಾವಸಾಹೇಬ ಹಾಲನ್ನು ಬೈಯದೆ ಕುಡಿದ. ಯಾರೋ ಅವನ ಅಜ್ಜನ ಸುದ್ದಿ ತೆಗೆದರು, ಯಾರೋ ನಕ್ಕರು. ಬಾರು ಹಾರದೆಯೇ ಇಷ್ಟು ಪ್ರೀತಿ ಇತ್ತಲ್ಲ, ನಾನು ಸುಮ್ಮನೆ ಊರೂರು ಅಲೆದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಸುಖವಾಗಿತ್ತು. ಬಾಯಿಬಿಟ್ಟು ಹೇಳಬೇಕೆಂದರೆ ಅವನು ಹುಟ್ಟಿದ ಮೇಲೆ ಅಂಥ ಊಟ ಉಂಡಿರಲಿಲ್ಲ.

“ಹೊತ್ತಾತು, ನಡೀರಿ ಬನ್ನಿಗೆ,” ಎಂದು ಕೈ ತೊಳೆದು ಬಂದವನು ಗೋಡೆ ನೋಡಿದ. ಗೂಟ ಮಾತ್ರ ಇತ್ತು. “ಬಂದೂಕ ಎಲ್ಲಿ?”

ಎಲ್ಲರೂ ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಅಂಗಳಕ್ಕೆ ಜೀಪು ಬಂದು ನಿಂತಿತು. ಇಳಿದವರು ಪಿ.ಎಸ್.ಐ. ಸಾಹೇಬರು, ಹಿಂದೆ ದುಂಡೇಶ ಎಂಬ ಕಾನ್‌ಸ್ಟೇಬಲ್ಲು.

“ಛಲೋ ಮಾಡಿದ್ರಿ,” ಎಂದರು ಪಿ.ಎಸ್.ಐ. ಆಬಾಸಾಹೇಬನಿಗೆ. “ನಾವು ಬರೂತನಕಾ ಇವರ್ನ ಎಲ್ಲೂ ಅಲಗಾಡಗೊಡಬ್ಯಾಡ್ರಿ, ಸಿಹಿ ಮಾತಾಡಿ ಕೂಡಸ್ಕೊಂಡಿರ್ರಿ ಅಂತ ಹೇಳಿದ್ದಕ್ಕ ಬರೋಬ್ಬರಿ ಕೂಡಸೀರಿ. ಬಂದೂಕ ಮಧ್ಯಾಹ್ನನ ನಮ್ಮವರು ಒಯ್ದಾರ. ರಾವಸಾಹೇಬ್ರ, ಕಿಸೆದಾಗಿಂದು ತಗೀರಿ.”

ರಾವಸಾಹೇಬ ಒಳಕಿಸೆಯಿಂದ ಕೆಂಪು ಕಾಡತೂಸು ತೆಗೆದ. ಪಡಸಾಲೆ ಒಮ್ಮೆಲೇ ಹಿಂದೆ ಸರಿಯಿತು. ಆಬಾಸಾಹೇಬ ತಾರವ್ವನ ಹಿಂದೆ, ತಾರವ್ವ ಕಂಬದ ಹಿಂದೆ.

“ಯಾರ ಹೆಸರಿಂದು ಇದು?” ಎಂದು ಪಿ.ಎಸ್.ಐ. ಕೇಳಿದರು. “ಪೆಟ್ಟಿಗಿ ತುಂಬ ಇದ್ದಾಂವ ಹೊರಗ ಒಂದು ಹುಡುಕತಾನಂದ್ರ, ಲೈಸೆನ್ಸಿನ ಲೆಕ್ಕದಾಗ ಬರಬಾರದು ಅಂತನ ಹುಡುಕತಾನ. ಆಬಾಸಾಹೇಬ್ರಿಗೆ ಗೊತ್ತಾಗಬಾರದು ಅಂತೀರಿ, ಸಂಜೀಕ ಕೆಲಸ ಮುಗಸಬೇಕು ಅಂತೀರಿ, ನಿಶಾನಿ ಪ್ರ್ಯಾಕ್ಟೀಸ್ ಮಾಡತೀರಿ. ಎಲ್ಲಾ ಇವರು ಕೊಟ್ಟ ತಕರಾರ ಅರ್ಜಿಯಾಗ ಬರದೈತಿ.”

ರಾವಸಾಹೇಬ ಒಬ್ಬೊಬ್ಬರ ಮುಖ ನೋಡಿದ. ಆಮೇಲೆ ತಾಟು ನೋಡಿದ. ಅರ್ಧ ಹೋಳಿಗೆ ಅದರಲ್ಲಿ ಇನ್ನೂ ಇತ್ತು. ಮೆಲ್ಲಗೆ, ನೆಲ ನೋಡುತ್ತ, ಪೆಟ್ಟಿಗೆ ಖಾಲಿ ಇದ್ದದ್ದು, ಹಾಲಿನ ಬಟ್ಟಲು, ಗಿಣಿ, ಡಬ್ಬಿ ಎಲ್ಲ ಹೇಳಿದ. “ಬನ್ನಿ ಬಾರಿಗೆ ತಂದಿದ್ನಿ. ಬಾರ ಹಾರಿದ್ರ ನೀವೆಲ್ಲಾ ಬರತೀರಿ ಅಂತ.”

ಆಬಾಸಾಹೇಬ ತಾರವ್ವನ ಹಿಂದಿನಿಂದ ಇಣುಕಿದ. ಆಮೇಲೆ ಸಂಗ್ರಾಮ ಫಕ್ಕನೆ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಷ್ಟಕ್ಕೇನೋ ಅಣ್ಣಾ? ಜೀವಾ ಕೈಯಾಗ ಹಿಡಕೊಂಡ ಕುಂತಿದ್ವಲ್ಲೋ!” ಎಂದು ಆಬಾಸಾಹೇಬ ಬೆವರು ಒರೆಸಿಕೊಂಡ. ಬದುಕಿದೆ ಎಂಬ ಸಂತೋಷ ಮುಗಿಯುತ್ತಲೇ ಕಳೆದುಕೊಂಡದ್ದರ ನೆನಪು ಬಂತು. ಮಗನನ್ನು ಬಾಗಿಲಿನತ್ತ ಎಳೆದು, “ಬಾಂದಗಲ್ಲ ಇದ್ದಲ್ಲಿ ಇಟ್ಟ ಬಾ, ಮಬ್ಬಗತ್ತಲಾಗೂದ್ರೊಳಗ,” ಎಂದು ಪಿಸುಗುಟ್ಟಿದ. ಪಿಸುಮಾತು ಪಡಸಾಲೆಗೆಲ್ಲ ಕೇಳಿಸಿತು. ತಾರವ್ವ ಉಳಿದ ಹೋಳಿಗೆಯ ಬುಟ್ಟಿ ಸೊಂಟಕ್ಕೇರಿಸಿ, “ಸಂಗ್ರಾಮನ ಪೆಂಡಾಲದಾಗ ಬೇಕಾಗತಾವ,” ಎಂದು ಎಲ್ಲರಿಗಿಂತ ಮೊದಲು ಹೊರಬಿದ್ದಳು.

ರಾವಸಾಹೇಬನನ್ನು ಕೂರಿಸಿಕೊಂಡ ಜೀಪು ತೋಟ ದಾಟುವಾಗ ಬನ್ನಿಗಿಡದ ಕಡೆಯಿಂದ ಡಿಜೆಯ ಬಾರು ಕೇಳಿಸಿತು. ನಿಜವಾದದ್ದಕ್ಕಿಂತ ಜೋರಾಗಿಯೇ ಇತ್ತು. ಒಂದಲ್ಲ, ಹತ್ತು ಹಾರಿಸಿದರು. ಅದಕ್ಕೇನು ಮದ್ದಿನ ಖರ್ಚೆ?

ಠಾಣೆಯಲ್ಲಿ ದುಂಡೇಶ ಕುರ್ಚಿ ಕೊಟ್ಟ, ಚಹಾ ತರಿಸಿದ. ಹೇಳಿದ್ದನ್ನೆಲ್ಲ ಬರೆದುಕೊಂಡು ಕೆಂಪು ಕಾಡತೂಸನ್ನು ಒಂದು ಚೀಲದಲ್ಲಿ ಹಾಕಿ ಮೊಹರು ಮಾಡಿದ. “ಒಬ್ಬರ ಲೈಸೆನ್ಸಿನ ಮಾಲು ಇನ್ನೊಬ್ಬರ ಕಿಸೆದಾಗ ಇರಬಾರದ್ರಿ. ಇದು ಹೋತು ಅನ್ರಿ.”

“ಬಂದೂಕು?”

“ಚೌಕಶಿ, ವಿಚಾರಣಿ ಎಲ್ಲಾ ಮುಗಿಯೂತನಕಾ ಇಲ್ಲೇ. ಚಿಂತಿ ಮಾಡಬ್ಯಾಡ್ರಿ, ಒಳಗ ಹತ್ತಾರು ಅದಾವ, ಅದಕೇನ ಬ್ಯಾಸರ ಆಗಂಗಿಲ್ಲ.” ನಗುತ್ತ ದುಂಡೇಶ ಮೇಜಿನ ಮೇಲಿನ ಬನ್ನಿ ಎಲೆ ಎತ್ತಿ ಅವನ ಕೈಗಿಟ್ಟು ಬಗ್ಗಿದ. “ಸೋನಾ ಘ್ಯಾ ಕಾಕಾ, ಬಂಗಾರ ತಗೋರಿ. ನಂದು ನಿಪ್ಪಾಣಿ. ಡ್ಯೂಟಿ ಐತಂತ ಊರಿಗೆ ಹೋಗಾಕ ಆಗಲಿಲ್ಲ. ಇವತ್ತ ನಾ ಕೊಟ್ಟ ಮೊದಲನೇ ಬನ್ನಿ ಇದು.”

ರಾವಸಾಹೇಬನಿಗೂ ಅದು ಮೊದಲನೆಯದು. ಎಲೆಯನ್ನು ಹಿಡಿದುಕೊಂಡು ಕೂತ.

ಪಿ.ಎಸ್.ಐ. ಬಂದರು. “ಕೇಸ್ ಮಾಡಂಗಿಲ್ಲ. ಆದ್ರ ಚೌಕಶಿ ಮುಗಿಯೂತನಕಾ ಪ್ರತಿ ಗುರುವಾರ ಬಂದು ಇಲ್ಲಿ ಸಹಿ ಮಾಡಿ ಹೋಗಬೇಕು. ತಪ್ಪಿಸಿದ್ರ ನೋಡ್ರಿ ಮತ್ತ. ಬರಲಿಲ್ಲಂದ್ರ ಮನೀತನಕಾ ಬಂದ ಕೇಳತೀವಿ.”

ರಾವಸಾಹೇಬ ತಲೆಯೆತ್ತಿದ. ಪ್ರತಿ ಗುರುವಾರ. ಹೋಗಬೇಕಾದ ಒಂದು ಜಾಗ. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಮಂದಿ. ಕುರ್ಚಿ, ಚಹಾ, ದುಂಡೇಶ. ಚೌಕಶಿ ಎಂದರೆ ಎಷ್ಟು ವರ್ಷ ಬೇಕಾದರೂ ನಡೆಯಬಹುದು. ಅವನ ಮುಖದ ಮೇಲೆ ಊಟದ ಹೊತ್ತಿನ ಕಳೆ ಮರಳಿತು.

“ಬರತೀನ್ರಿ ಸಾಹೇಬ್ರ! ಗುರುವಾರ ಮುಂಜಾನೆನ ಬರತೀನಿ. ಸೋಮವಾರ ಸೈತ ಬಂದ್ರ ನಡೀತೈತೇನ್ರಿ? ಬರುವಾಗ ಕಬ್ಬಿನ ಹಾಲ ತರತೀನಿ, ಎಲ್ಲಾರಿಗೂ.”

ಪಿ.ಎಸ್.ಐ. ಅವನನ್ನೇ ನೋಡುತ್ತ ನಿಂತರು. ಕಳ್ಳರು, ಕುಡುಕರು, ಪುಢಾರಿಗಳು ಈ ಮೇಜಿನ ಎದುರು ಸಹಿ ತಪ್ಪಿಸಲು ಕಾಲು ಹಿಡಿದದ್ದನ್ನು ಕಂಡವರು. ಇಷ್ಟು ಸಂತೋಷದಿಂದ ಕಾಯ್ದೆಗೆ ತಲೆಬಾಗಿದವನನ್ನು ಕಂಡಿರಲಿಲ್ಲ. ಅವರ ಮನಸ್ಸು ಕರಗಿತು.

“ದುಂಡೇಶ, ಆ ಗುರುವಾರದ್ದು ಹೊಡದ ಹಾಕು. ಇಂಥಾ ಸಾಧು ಮನಶ್ಯಾಗ ಯಾಕ ತ್ರಾಸ?”

“ಇಲ್ರಿ ಸಾಹೇಬ್ರ, ನನಗೇನ ತ್ರಾಸಿಲ್ಲ! ಕಾಯ್ದಾ ಅಂದ್ರ ಕಾಯ್ದಾರಿ. ಬರೀ ತಿಂಗಳಿಗೊಮ್ಮಿ ಇಟ್ಟರೂ—”

“ಹಬ್ಬ ಐತಿ, ನನ್ನ ಕಡಿಂದ ಇದು ನಿಮಗ ಬನ್ನಿ ಅಂತ ತಿಳೀರಿ,” ಎಂದು ಪಿ.ಎಸ್.ಐ. ಅವನ ಬೆನ್ನು ತಟ್ಟಿದರು. “ಹೋಗ್ರಿ, ಆರಾಮ ಮನ್ಯಾಗ ಇರ್ರಿ. ಇನ್ನ ನೀವು ಇತ್ತಾಗ ಬರೂದೂ ಬ್ಯಾಡ, ನಮ್ಮವರು ಯಾರೂ ನಿಮ್ಮ ಮನಿ ಕಡೆ ಬರಂಗೂ ಇಲ್ಲ.”

ದುಂಡೇಶ ಬಾಗಿಲತನಕ ಕಳಿಸಲು ಬಂದ. “ನಸೀಬ ಅಂದ್ರ ನಿಮ್ಮದು ನೋಡ್ರಿ ಕಾಕಾ.”

“ಹೌದ್ರಿ, ಭಾಳ ಛಲೋ ಐತಿ,” ಎಂದು ರಾವಸಾಹೇಬ ಮೆಟ್ಟಿಲಿಳಿದ.